ಮೊದಲ ಹೆರಿಗೆ ಸಿಸೇರಿಯನ್. ಎರಡನೆಯದಕ್ಕೆ ಸಹಜ ಹೆರಿಗೆಗೆ ಪ್ರಯತ್ನಿಸಬಹುದೇ?

ಪ್ರಶ್ನೆ: ಹಿನ್ನೀರಿನ ಆಚೆಯವಳು (ಸಾಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಎರಡನೆಯ ಸಲ ಗರ್ಭಿಣಿಯಾಗಿದ್ದು, ಈಗ 28 ವಾರ ತುಂಬಿದೆ; ಜುಲೈ ಕೊನೆಯ ವಾರಕ್ಕೆ ದಿನ ಕೊಟ್ಟಿದ್ದಾರೆ. ಮೊದಲ ಮಗಳಿಗೆ ಮೂರೂವರೆ ವರ್ಷ. ಅವಳು ಹೊಟ್ಟೆಯಲ್ಲಿದ್ದಾಗ ಕೊನೆಯ ತಿಂಗಳಿನವರೆಗೂ ತಲೆ ಮೇಲಾಗಿ, ಕುಂಡೆ ಕೆಳಗಾಗಿಯೇ ಉಳಿದಿದ್ದರಿಂದ, ನೋವು ಕಾಣಿಸಿಕೊಳ್ಳುವ ಮೊದಲೇ ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಿದರು. ಹೊಲಿಗೆ ಚೆನ್ನಾಗಿಯೇ ಮಾಯಿತು. ಜ್ವರವಾಗಲಿ ಕೀವಾಗಲಿ ಕಾಣಿಸಿಕೊಳ್ಳಲಿಲ್ಲ. ಈಗ ಸಕ್ಕರೆ ಪರೀಕ್ಷೆಯೂ ರಕ್ತದೊತ್ತಡವೂ ಸರಿಯಾಗಿವೆ. ಹಿಮೋಗ್ಲೋಬಿನ್ ಮಾತ್ರ 10ರ ಆಸುಪಾಸಿನಲ್ಲಿರುವುದರಿಂದ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ಈ ಬಾರಿ ಸಾಧ್ಯವಾದರೆ ಸಹಜವಾಗಿ ಹೆರಬೇಕೆಂಬುದು ನನ್ನ ಆಸೆ. ಸಾಗರದಲ್ಲಿ ನಾನು ತೋರಿಸಿಕೊಳ್ಳುತ್ತಿರುವ ವೈದ್ಯರು, ಒಮ್ಮೆ ಸಿಸೇರಿಯನ್ ಆದವರಿಗೆ ಮತ್ತೆ ಸಿಸೇರಿಯನ್ನನ್ನೇ ಮಾಡುವುದು ತಮ್ಮ ಪದ್ಧತಿಯೆಂದು ಮೊದಲ ಭೇಟಿಯಲ್ಲಿಯೇ ಹೇಳಿಬಿಟ್ಟರು. ಸ್ಕ್ಯಾನಿಂಗ್‌ಗೆಂದು ಶಿವಮೊಗ್ಗಕ್ಕೆ ಹೋದಾಗ ಅಲ್ಲಿನ ವೈದ್ಯೆಯೊಬ್ಬರು ಹಳೆಯ ಡಿಸ್ಚಾರ್ಜ್ ಚೀಟಿಯನ್ನು ನೋಡಿ, ಪ್ರಯತ್ನಿಸಲು ಅಡ್ಡಿಯಿಲ್ಲವೆಂದೂ, ಆದರೆ ಕೊನೆಯ ವಾರಗಳಲ್ಲಿ ಊರಿನಲ್ಲಿ ಇರಬಾರದೆಂದೂ ಹೇಳಿದರು. ಹೊರಗೆ ಸಾಲು ದೊಡ್ಡದಿತ್ತು; ಹೆಚ್ಚು ಕೇಳಲು ಆಗಲಿಲ್ಲ.

ನಮ್ಮದು ಶರಾವತಿ ಹಿನ್ನೀರಿನ ಆಚೆಯ ಊರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ರಾತ್ರಿ ಲಾಂಚ್ ಇಲ್ಲವೆಂಬ ಭಯ ತಪ್ಪಿದೆಯಾದರೂ, ಮಳೆಗಾಲದಲ್ಲಿ ಸಾಗರ ಮುಟ್ಟಲು ಗಂಟೆಗಟ್ಟಲೆ ಹಿಡಿಯುತ್ತದೆ, ಅಲ್ಲಿಂದ ಶಿವಮೊಗ್ಗಕ್ಕೆ ಮತ್ತೆ 70 ಕಿ.ಮೀ. ದಾರಿ. ಮನೆಯಲ್ಲಿ ಅಭಿಪ್ರಾಯ ಎರಡಾಗಿದೆ. ನನ್ನ ಅಮ್ಮ ನಾಲ್ವರನ್ನೂ ಸೂಲಗಿತ್ತಿಯ ಕೈಯಲ್ಲಿ ಹೆತ್ತವರು. ಇದರಲ್ಲಿ ಯೋಚಿಸುವುದೇನಿದೆ ಎಂದು ಕೇಳುತ್ತಾರೆ. ಅತ್ತೆಯವರು, ಹೇಗೂ ಕೊಯ್ಯುವುದೇ ಆದರೆ ನಕ್ಷತ್ರ ನೋಡಿ ಒಳ್ಳೆಯ ದಿನ ಇಟ್ಟುಕೊಳ್ಳಬಹುದು, ಅದರ ಜೊತೆಗೇ ಮಕ್ಕಳಾಗದ ಆಪರೇಷನ್ನನ್ನೂ ಮುಗಿಸಿಕೊಳ್ಳಬಹುದು ಎನ್ನುತ್ತಾರೆ. ಜೋಯಿಸರು ಹೇಳಿದ ದಿನ ಲೆಕ್ಕ ಹಾಕಿದರೆ 38 ವಾರ ತುಂಬುವ ಮುನ್ನವೇ ಬರುತ್ತದೆ. ಪತಿಯವರು ನನ್ನ ಮಾತಿಗೆ ಬಿಟ್ಟಿದ್ದಾರೆ, ಆದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ ಎಂದು ಯಾರೋ ಹೇಳಿದ್ದು ಅವರ ಮನಸ್ಸಿನಲ್ಲಿ ಕುಳಿತಿದೆ.

ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ನಿಜವಾಗಿ ಎಷ್ಟು, ನನ್ನಂಥವಳಿಗೆ ಪ್ರಯತ್ನ ಫಲಿಸುವ ಸಂಭವ ಎಷ್ಟು, ಇಬ್ಬರು ವೈದ್ಯರು ಎರಡು ಮಾತು ಹೇಳುವುದು ಏಕೆ ಎಂಬುದನ್ನು ತಿಳಿದವರೂ ಅನುಭವಿಸಿದವರೂ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಪ್ರಸೂತಿ ವೈದ್ಯೆ (ಹುಬ್ಬಳ್ಳಿ)

ನಿಮ್ಮನ್ನು ಪರೀಕ್ಷಿಸದೆ ಬರೆಯುತ್ತಿರುವುದರಿಂದ ಇದನ್ನು ಸಲಹಾಚೀಟಿಯೆಂದು ತಿಳಿಯಬೇಡಿ. ನಿಮ್ಮ ವೈದ್ಯರೊಡನೆ ಕುಳಿತಾಗ ಏನನ್ನು ಕೇಳಬೇಕೆಂಬುದಕ್ಕೆ ಇದು ನೆರವಾದರೆ ಸಾಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5ರಷ್ಟು ಸಿಸೇರಿಯನ್ ಎಂದು ಕಂಡುಬಂದಿದೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 23.6 ಇತ್ತು. ಹಾಗಾಗಿ ನಿಮ್ಮ ಪ್ರಶ್ನೆ ಈಗ ಮನೆಮನೆಯ ಪ್ರಶ್ನೆ.

‘ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್’ ಎಂಬ ಮಾತನ್ನು 1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ ಎಂಬ ವೈದ್ಯರು ಬರೆದರು. ಅವರ ಉದ್ದೇಶ, ಮೊದಲ ಸಿಸೇರಿಯನ್ನನ್ನು ಸುಮ್ಮಸುಮ್ಮನೆ ಮಾಡಬೇಡಿರೆಂದು ತಮ್ಮ ಸಹವೈದ್ಯರನ್ನು ಎಚ್ಚರಿಸುವುದಾಗಿತ್ತು. ಆ ಕಾಲದಲ್ಲಿ ಗರ್ಭಕೋಶದ ಮೇಲ್ಭಾಗದ ದಪ್ಪ ಸ್ನಾಯುವನ್ನು ಉದ್ದಕ್ಕೆ ಸೀಳುತ್ತಿದ್ದರು. ಹೆರಿಗೆ ನೋವಿನಲ್ಲಿ ಬಲವಾಗಿ ಕುಗ್ಗುವ ಭಾಗವೇ ಅದಾದ್ದರಿಂದ ಆ ಗಾಯ ಮುಂದಿನ ಹೆರಿಗೆಯಲ್ಲಿ ಬಿಚ್ಚಿಕೊಳ್ಳುವ ಸಂಭವ ಹೆಚ್ಚು. ಗ್ಲಾಸ್ಗೋವಿನ ಮನ್ರೋ ಕೆರ್ ಅವರು 1920ರ ದಶಕದಲ್ಲಿ ಪ್ರಚಾರಕ್ಕೆ ತಂದ, ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುವ ವಿಧಾನವೇ ಇಂದು ಎಲ್ಲೆಡೆ ರೂಢಿಯಲ್ಲಿದೆ. ಈ ಕೆಳಭಾಗ ತೆಳುವಾದದ್ದು, ನೋವಿನಲ್ಲಿ ಹೆಚ್ಚು ಕುಗ್ಗದೆ ಹಿಗ್ಗುವಂಥದ್ದು, ಆದ್ದರಿಂದ ಅಲ್ಲಿನ ಗಾಯ ಬಹುಮಟ್ಟಿಗೆ ತಾಳುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹೊಟ್ಟೆಯ ಚರ್ಮದ ಮೇಲಿನ ಗೆರೆಯನ್ನು ನೋಡಿ ಒಳಗಿನ ಗರ್ಭಕೋಶದ ಗಾಯ ಯಾವ ಬಗೆಯದೆಂದು ಹೇಳಲು ಬರುವುದಿಲ್ಲ. ಹೊರಗೆ ಅಡ್ಡ ಗೆರೆಯಿದ್ದು ಒಳಗೆ ಉದ್ದ ಸೀಳಿರುವುದು ಅಪರೂಪಕ್ಕೆ ಉಂಟು, ಅದರಲ್ಲೂ ದಿನ ತುಂಬುವ ಎಷ್ಟೋ ಮೊದಲೇ ಅಥವಾ ಮಗು ಅಡ್ಡಲಾಗಿದ್ದಾಗ ಸಿಸೇರಿಯನ್ ಆಗಿದ್ದರೆ. ನಿಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ‘ಎಲ್‌ಎಸ್‌ಸಿಎಸ್’ ಎಂದಿದ್ದರೆ ಕೆಳಭಾಗದ ಕೊಯ್ತವೆಂದು ಅರ್ಥ, ಆದರೂ ಆಸ್ಪತ್ರೆಯ ದಾಖಲೆ ವಿಭಾಗದಿಂದ ಆಪರೇಷನ್ ಟಿಪ್ಪಣಿಯ ಪ್ರತಿಯನ್ನೇ ಪಡೆದುಕೊಳ್ಳಿ. ಸೀಳು ‘ಟಿ’ ಆಕಾರದಲ್ಲಿ ಮುಂದುವರಿದಿತ್ತೇ, ಪಕ್ಕಕ್ಕೆ ಹರಿದಿತ್ತೇ ಎಂಬುದು ಅದರಲ್ಲಿರುತ್ತದೆ. ಮೇಲ್ಭಾಗದ ಉದ್ದ ಸೀಳಾಗಲಿ, ಗರ್ಭಕೋಶ ಹಿಂದೊಮ್ಮೆ ಹರಿದದ್ದಾಗಲಿ, ಮಾಸು (ಪ್ಲಾಸೆಂಟಾ) ಗರ್ಭಕೋಶದ ಬಾಯಿಯನ್ನು ಮುಚ್ಚಿ ಕುಳಿತಿರುವುದಾಗಲಿ ಇದ್ದರೆ ಈ ಚರ್ಚೆಯೇ ಬೇಡ. ಸಿಸೇರಿಯನ್ನೇ ಸರಿಯಾದ ದಾರಿ.

ಎರಡನೆಯದು, ಮೊದಲ ಸಿಸೇರಿಯನ್ನಿಗೆ ಕಾರಣ. ಮಗು ತಿರುಗಿ ಕುಳಿತಿದ್ದು ನಿಮ್ಮ ಕಾರಣ. ಅದು ಈ ಸಲವೂ ಮರುಕಳಿಸಬೇಕೆಂದೇನಿಲ್ಲ. ಅದು ನಿಮಗೆ ಅನುಕೂಲದ ಸಂಗತಿ. 36ನೇ ವಾರದ ಹೊತ್ತಿಗೆ ಮಗುವಿನ ತಲೆ ಕೆಳಗಿದೆಯೇ ಎಂದು ನೋಡಿದರೆ ಆ ಭಾಗ ತೀರ್ಮಾನವಾಗುತ್ತದೆ. ‘ಸಿಪಿಡಿ’ ಎಂದು, ಅಂದರೆ ತಲೆಗೂ ಸೊಂಟಕ್ಕೂ ಹೊಂದಾಣಿಕೆಯಿಲ್ಲವೆಂದು ಬರೆಸಿಕೊಂಡು ಬರುವವರ ವಿಷಯ ಬೇರೆ. ನೋವೇ ಬಾರದ ತಾಯಂದಿರ ಚೀಟಿಯಲ್ಲೂ ಆ ಕಾರಣವನ್ನು ನಾನು ಕಾಣುತ್ತೇನೆ, ನೋವು ಬಂದು ಹೆರಿಗೆ ನಿಂತುಹೋಗದೆ ಅದನ್ನು ಹೇಗೆ ಗೊತ್ತುಮಾಡಿದರೋ ಎಂದು ಅಚ್ಚರಿಪಡುತ್ತೇನೆ.

ಇನ್ನು ಲೆಕ್ಕ. ಕೆಳಭಾಗದ ಒಂದೇ ಅಡ್ಡಗಾಯವಿರುವವರಲ್ಲಿ, ನೋವು ತಾನಾಗಿಯೇ ಬಂದಾಗ ಗರ್ಭಕೋಶ ಹರಿಯುವ ಸಂಭವ ಸುಮಾರು 200ರಲ್ಲಿ ಒಬ್ಬರಿಗೆ. ಪ್ರಯತ್ನಿಸಿದವರಲ್ಲಿ 100ಕ್ಕೆ 72ರಿಂದ 75 ಮಂದಿ ಸಹಜವಾಗಿ ಹೆರುತ್ತಾರೆಂದು ಬ್ರಿಟನ್ನಿನ ಪ್ರಸೂತಿ ವೈದ್ಯರ ರಾಯಲ್ ಕಾಲೇಜು ಹೇಳುತ್ತದೆ. ಹಿಂದೆ ಒಮ್ಮೆಯಾದರೂ ಸಹಜ ಹೆರಿಗೆಯಾಗಿದ್ದರೆ ಅದು 85–90ಕ್ಕೆ ಏರುತ್ತದೆ. ಆ ಅನುಕೂಲ ನಿಮಗಿಲ್ಲ. ಆದರೆ ಎರಡು ಹೆರಿಗೆಗಳ ನಡುವೆ ಒಂದೂವರೆ ಎರಡು ವರ್ಷಕ್ಕಿಂತ ಹೆಚ್ಚು ಅಂತರವಿರುವುದು, ಸಕ್ಕರೆ ಕಾಯಿಲೆಯಿಲ್ಲದಿರುವುದು ನಿಮ್ಮ ಪರವಾಗಿವೆ. ಪ್ರಯತ್ನದ ವೇಳೆ ಹೆರಿಗೆಗೆ ಸಂಬಂಧಿಸಿದ ಕಾರಣದಿಂದ ಮಗು ತೀರಿಕೊಳ್ಳುವ ಸಂಭವ 10,000ಕ್ಕೆ ಸುಮಾರು 4. ಚೊಚ್ಚಲ ಹೆರಿಗೆಯಲ್ಲಿ ನೋವು ತಿನ್ನುವ ಯಾವ ತಾಯಿಗೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ದಿನ ಗೊತ್ತುಮಾಡಿದ ಸಿಸೇರಿಯನ್ನಿನಲ್ಲಿ ಇದು 10,000ಕ್ಕೆ 1ರಷ್ಟು. ಈ ಅಂಕಿಗಳೆಲ್ಲ ಸಜ್ಜಾದ ಆಸ್ಪತ್ರೆಗಳಲ್ಲಿ ಕಂಡವು, ದಾರಿಯಲ್ಲಿ ಆಂಬುಲೆನ್ಸಿನೊಳಗೆ ಕಂಡವಲ್ಲ ಎಂಬುದನ್ನು ಮರೆಯಬೇಡಿ.

ಇಬ್ಬರು ವೈದ್ಯರ ಎರಡು ಮಾತಿಗೆ ಕಾರಣ ಇಲ್ಲಿಯೇ ಇದೆ. ಗರ್ಭಕೋಶ ಹರಿದರೆ ಮಗುವನ್ನು ಹೊರತೆಗೆಯಲು ನಿಮಿಷಗಳ ಅವಕಾಶ ಮಾತ್ರ ಇರುತ್ತದೆ. ಅರಿವಳಿಕೆ ತಜ್ಞರು ರಾತ್ರಿ ಮನೆಯಿಂದ ಬರಬೇಕಾದ, ರಕ್ತವನ್ನು ಬೇರೆ ಊರಿನಿಂದ ತರಿಸಬೇಕಾದ ಆಸ್ಪತ್ರೆಯಲ್ಲಿ ಒಬ್ಬ ವೈದ್ಯರು ‘ಬೇಡ’ ಎಂದರೆ ಅದು ಅಜ್ಞಾನವಲ್ಲ, ಪ್ರಾಮಾಣಿಕತೆ. ಅಮೆರಿಕದಲ್ಲಿಯೂ ಇದೇ ಆಯಿತು. 1996ರಲ್ಲಿ ಅಲ್ಲಿ ಸಿಸೇರಿಯನ್ ಆದ ತಾಯಂದಿರಲ್ಲಿ ಶೇ. 28ರಷ್ಟು ಮಂದಿ ಮುಂದೆ ಸಹಜವಾಗಿ ಹೆರುತ್ತಿದ್ದರು. ತುರ್ತು ಶಸ್ತ್ರಚಿಕಿತ್ಸೆಯ ತಂಡ ಆ ಕ್ಷಣಕ್ಕೇ ಸಿದ್ಧವಿರಬೇಕೆಂದು 1999ರಲ್ಲಿ ಅಲ್ಲಿನ ಪ್ರಸೂತಿ ವೈದ್ಯರ ಸಂಸ್ಥೆ ಸೂಚಿಸಿದ ಮೇಲೆ, ವ್ಯಾಜ್ಯಗಳ ಭಯವೂ ಸೇರಿ, ಅನೇಕ ಆಸ್ಪತ್ರೆಗಳು ಕೈಬಿಟ್ಟವು, 2006ರ ಹೊತ್ತಿಗೆ ಪ್ರಮಾಣ ಶೇ. 8ರ ಆಸುಪಾಸಿಗೆ ಕುಸಿಯಿತು. ಹತ್ತು ವರ್ಷಗಳಲ್ಲಿ ಹೆಂಗಸರ ದೇಹ ಬದಲಾಗಲಿಲ್ಲ. ಬದಲಾದದ್ದು ಆಸ್ಪತ್ರೆಗಳ ಧೈರ್ಯ ಮತ್ತು ಸಿದ್ಧತೆ.

ಸಹಜ ಹೆರಿಗೆ ಕೈಗೂಡಿದರೆ ತಾಯಿಗೆ ತೊಂದರೆ ಎಲ್ಲಕ್ಕಿಂತ ಕಡಿಮೆ, ದಿನ ಗೊತ್ತುಮಾಡಿದ ಸಿಸೇರಿಯನ್ ನಡುವೆ, ಗಂಟೆಗಟ್ಟಲೆ ನೋವು ತಿಂದು ಕೊನೆಗೆ ತುರ್ತು ಸಿಸೇರಿಯನ್ ಆದರೆ ರಕ್ತಸ್ರಾವ ಮತ್ತು ಸೋಂಕು ಎಲ್ಲಕ್ಕಿಂತ ಹೆಚ್ಚು. ಪ್ರಯತ್ನಿಸುವವರು ಈ ಮೂರನೆಯದನ್ನೂ ಒಪ್ಪಿಕೊಂಡೇ ಹೊರಡಬೇಕು.

ಅತ್ತೆಯವರ ಮಾತಿಗೆ ಬರುತ್ತೇನೆ. ಸಿಸೇರಿಯನ್ನನ್ನೇ ಆರಿಸಿಕೊಂಡರೂ, ಬೇರೆ ತೊಡಕಿಲ್ಲದಿದ್ದರೆ 39 ವಾರ ತುಂಬುವ ಮೊದಲು ಮಾಡಿಸಬಾರದು. ನೋವು ಬಾರದೆ ಬೇಗ ಹೊರತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆಯಾಗಿ ಶಿಶುಘಟಕದಲ್ಲಿ ಇರಿಸಬೇಕಾಗುವುದು ಹೆಚ್ಚು. 39 ವಾರ ತುಂಬಿದ ಮೇಲೆ ಒಳ್ಳೆಯ ನಕ್ಷತ್ರ ಸಿಕ್ಕರೆ ನನ್ನದೇನೂ ತಕರಾರಿಲ್ಲ. ಮಕ್ಕಳಾಗದ ಆಪರೇಷನ್ನಿಗೆಂದು ಸಿಸೇರಿಯನ್ ಬೇಕಿಲ್ಲ, ಸಹಜ ಹೆರಿಗೆಯಾದ ಏಳು ದಿನಗಳೊಳಗೆ ಹೊಕ್ಕುಳ ಕೆಳಗೆ ಸಣ್ಣ ಗಾಯ ಮಾಡಿ ಅದನ್ನು ಮುಗಿಸಬಹುದು. ಆದರೆ ಮೂರನೆಯ ಮಗುವಿನ ಯೋಚನೆ ಇರುವವರು ತಿಳಿಯಬೇಕಾದದ್ದಿದೆ: ಸಿಸೇರಿಯನ್ನುಗಳ ಸಂಖ್ಯೆ ಏರಿದಂತೆ ಮಾಸು ಹಳೆಯ ಗಾಯದೊಳಗೆ ಬೇರೂರುವ ಸಂಭವ ಏರುತ್ತದೆ. ಮಾಸು ಬಾಯಿಯನ್ನು ಮುಚ್ಚಿದ್ದು ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ ಶೇ. 11ರಷ್ಟು, ಎರಡಾಗಿದ್ದರೆ ಶೇ. 40ರಷ್ಟು ತಾಯಂದಿರಲ್ಲಿ ಅದು ಬೇರೂರಿದ್ದನ್ನು ಅಮೆರಿಕದ ದೊಡ್ಡ ಅಧ್ಯಯನವೊಂದು ಕಂಡಿದೆ. ಅಂಥ ಆಪರೇಷನ್ನಿನಲ್ಲಿ ಹಲವರ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ.

ಉತ್ತರ: ಮ್ಯಾಂಚೆಸ್ಟರ್ ಕನ್ನಡತಿ

ನನ್ನ ಮೊದಲ ಹೆರಿಗೆ ಮೈಸೂರಿನಲ್ಲಿ ಸಿಸೇರಿಯನ್, ಎರಡನೆಯದು ಇಂಗ್ಲೆಂಡಿನಲ್ಲಿ. ಇಲ್ಲಿನ ಸರ್ಕಾರಿ ವ್ಯವಸ್ಥೆಯಲ್ಲಿ ಹಿಂದೆ ಸಿಸೇರಿಯನ್ ಆದವರನ್ನು ಕೂರಿಸಿಕೊಂಡು, ಎರಡೂ ದಾರಿಗಳ ಒಳಿತು ಕೆಡುಕುಗಳನ್ನು ಅಚ್ಚುಹಾಕಿದ ಹಾಳೆಯೊಡನೆ ವಿವರಿಸಿ, ಸುಮಾರು 36ನೇ ವಾರದ ಹೊತ್ತಿಗೆ ನಿರ್ಧಾರವನ್ನು ಬರೆದಿಡುತ್ತಾರೆ. ತಾಯಿ ಯಾವುದನ್ನು ಆರಿಸಿದರೂ ಮುಖ ಸಿಂಡರಿಸುವವರಿಲ್ಲ. ಇದು ನನಗೆ ಬಹಳ ಹಿಡಿಸಿತು. ಮೈಸೂರಿನ ವೈದ್ಯರೂ ಒಳ್ಳೆಯವರೇ, ಆದರೆ ಅಲ್ಲಿ ಕೇಳುವ ಪ್ರಶ್ನೆಯನ್ನು ಗಂಡನೋ ಅಪ್ಪನೋ ಕೇಳಬೇಕಿತ್ತು.

ನನ್ನ ಪ್ರಯತ್ನ ಫಲಿಸಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಚರ್ಚೆಗಳಲ್ಲಿ ಗೆದ್ದವರ ಕಥೆಗಳೇ ಹೆಚ್ಚಾಗಿ ಬರುತ್ತವೆ. ನೋವು ತಾನಾಗಿಯೇ ಬಂತು. ಆಸ್ಪತ್ರೆ ಸೇರಿದ ಕೂಡಲೇ ಕೈಗೆ ಸೂಜಿ ಹಾಕಿಟ್ಟರು, ರಕ್ತದ ಮಾದರಿ ಕಳುಹಿಸಿದರು, ಮಗುವಿನ ಎದೆಬಡಿತವನ್ನು ಎಡೆಬಿಡದೆ ದಾಖಲಿಸುವ ಪಟ್ಟಿಯನ್ನು ಹೊಟ್ಟೆಗೆ ಕಟ್ಟಿದರು. ತಂತಿಯಿಲ್ಲದ ಪಟ್ಟಿಯಾದ್ದರಿಂದ ನಡೆದಾಡಲು ಅಡ್ಡಿಯಿರಲಿಲ್ಲ. ಬೆನ್ನಿಗೆ ಕೊಡುವ ಎಪಿಡ್ಯೂರಲ್ ಚುಚ್ಚುಮದ್ದನ್ನೂ ಕೊಟ್ಟರು. ಹಳೆಯ ಹೊಲಿಗೆಯ ನೋವನ್ನು ಅದು ಮರೆಮಾಡಿಬಿಡುತ್ತದೆಂದು ಊರಿನಲ್ಲಿ ಕೇಳಿದ್ದೆ, ಆದರೆ ಅದಕ್ಕೆಂದು ಎಪಿಡ್ಯೂರಲ್ ನಿರಾಕರಿಸುವುದಿಲ್ಲವೆಂದೂ, ತಾವು ಮುಖ್ಯವಾಗಿ ಕಾಯುವುದು ಮಗುವಿನ ಎದೆಬಡಿತವನ್ನೆಂದೂ ಅವರು ಹೇಳಿದರು. ಗರ್ಭಕೋಶದ ಬಾಯಿ ಎಂಟು ಸೆಂಟಿಮೀಟರ್ ತೆರೆದು ಅಲ್ಲಿಯೇ ನಿಂತಿತು, ಮಗುವಿನ ಎದೆಬಡಿತವೂ ಇಳಿಯತೊಡಗಿತು, ಥಿಯೇಟರಿಗೆ ಕರೆದೊಯ್ದರು. ಹಳೆಯ ಗಾಯ ಗಟ್ಟಿಯಾಗಿಯೇ ಇತ್ತು. ಮಗ ಅತ್ತ.

ನೀವು ಪ್ರಯತ್ನಿಸುವುದಾದರೆ, ಅದು ಸಿಸೇರಿಯನ್ನಿನಲ್ಲಿ ಮುಗಿದರೆ ಏನೇನು ಬೇಕು ಎಂಬುದನ್ನೂ ಮೊದಲೇ ಬರೆಸಿಟ್ಟುಕೊಳ್ಳಿ. ಯಾರು ಜೊತೆಗಿರಬೇಕು, ಮಗುವನ್ನು ಎದೆಗೆ ಯಾವಾಗ ಕೊಡಬೇಕು, ಮೊದಲ ಮಗು ಯಾರ ಬಳಿ ಇರಬೇಕು ಎಂಬುದೆಲ್ಲ ನನ್ನ ಹಾಳೆಯಲ್ಲಿ ಇದ್ದುದರಿಂದ, ಆ ಗಡಿಬಿಡಿಯಲ್ಲಿ ನನ್ನನ್ನು ಯಾರೂ ಏನನ್ನೂ ಕೇಳಬೇಕಾಗಲಿಲ್ಲ. ಒಂದು ಮಾತನ್ನು ಒಪ್ಪಲೇಬೇಕು: ದಿನ ಗೊತ್ತುಮಾಡಿದ ಮೊದಲ ಸಿಸೇರಿಯನ್ನಿನಿಂದ ಬೇಗ ಚೇತರಿಸಿಕೊಂಡಿದ್ದೆ, ನೋವು ತಿಂದ ಮೇಲಿನ ಎರಡನೆಯದರಿಂದ ಏಳಲು ಬಹಳ ಕಷ್ಟವಾಯಿತು. ಹಾಗೆಂದು ಪ್ರಯತ್ನಿಸಬಾರದಿತ್ತು ಎಂದು ನನಗೆ ಅನ್ನಿಸಿಲ್ಲ.

ಉತ್ತರ: ಹೆರಿಗೆ ವಾರ್ಡಿನ ಶುಶ್ರೂಷಾಧಿಕಾರಿ (ಜಿಲ್ಲಾ ಆಸ್ಪತ್ರೆ)

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ನಾನು ವಾರ್ಡಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಮ್ಮಲ್ಲಿಗೆ ರಾತ್ರಿ ಬರುವ ತುರ್ತು ಪ್ರಕರಣಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು, ಹಿಂದೆ ಸಿಸೇರಿಯನ್ ಆಗಿದ್ದು, ಊರಿನಲ್ಲಿಯೇ ‘ನೋವಿನ ಇಂಜೆಕ್ಷನ್’ ಹಾಕಿಸಿಕೊಂಡು ಬರುವ ತಾಯಂದಿರು. ಗರ್ಭಕೋಶವನ್ನು ಕುಗ್ಗಿಸುವ ಆಕ್ಸಿಟೋಸಿನ್ ಔಷಧಿಯನ್ನು ಆಸ್ಪತ್ರೆಯಲ್ಲಿ ಹನಿಹನಿಯಾಗಿ, ಮಗುವಿನ ಎದೆಬಡಿತ ನೋಡುತ್ತಾ ಕೊಡುವುದು ಬೇರೆ. ಹೆರಿಗೆಗೆ ಮುಂಚೆ ಸ್ನಾಯುವಿಗೆ ಒಮ್ಮೆಲೇ ಚುಚ್ಚುವುದು ಬೇರೆ. ಎರಡನೆಯದು ಹೊಲಿಗೆಯಿಲ್ಲದ ಗರ್ಭಕೋಶಕ್ಕೂ ಅಪಾಯ. ಮಿಸೋಪ್ರೊಸ್ಟಾಲ್ ಮಾತ್ರೆಯನ್ನಂತೂ ಸಿಸೇರಿಯನ್ ಆದವರಿಗೆ ದಿನ ತುಂಬಿದಾಗ ನೋವು ಬರಿಸಲು ಬಳಸಲೇಬಾರದು. ಹರಳೆಣ್ಣೆ ಕುಡಿಸುವುದು, ನೋವು ಬರಲೆಂದು ಕಷಾಯ ಕೊಡುವುದು ಮಲೆನಾಡಿನಲ್ಲಿಯೂ ಬಯಲುಸೀಮೆಯಲ್ಲಿಯೂ ಇನ್ನೂ ಇದೆ. ಅಮ್ಮನವರ ಮೇಲೆ ಎಷ್ಟೇ ಗೌರವವಿದ್ದರೂ ಇದಕ್ಕೆ ಒಪ್ಪಬೇಡಿ. ಅವರು ನಾಲ್ವರನ್ನು ಹೆತ್ತದ್ದು ಗಾಯವಿಲ್ಲದ ಗರ್ಭಕೋಶದಿಂದ.

ಹೊಲಿಗೆ ಬಿಚ್ಚಿಕೊಳ್ಳುವಾಗ ದೊಡ್ಡ ಶಬ್ದದಂತೆ ಏನೋ ಆಗುತ್ತದೆ, ಆಗ ಓಡಿದರೆ ಆಯಿತು ಎಂದು ಕೆಲವರು ತಿಳಿದಿರುತ್ತಾರೆ. ಸಾಮಾನ್ಯವಾಗಿ ಮೊದಲು ಕೆಡುವುದು ಮಗುವಿನ ಎದೆಬಡಿತ, ಅದು ಯಂತ್ರಕ್ಕೆ ಕಾಣುತ್ತದೆಯೇ ಹೊರತು ತಾಯಿಗಲ್ಲ. ನೋವಿನ ಅಲೆಗಳ ನಡುವಿನ ಬಿಡುವಿನಲ್ಲಿಯೂ ಹೊಟ್ಟೆಯ ಕೆಳಗೆ ಒಂದೇ ಸಮನೆ ನೋಯುವುದು, ಇದ್ದಕ್ಕಿದ್ದಂತೆ ನೋವು ನಿಂತುಹೋಗುವುದು, ಕೆಳಗೆ ಇಳಿದಿದ್ದ ತಲೆ ಮೇಲಕ್ಕೆ ಸರಿಯುವುದು, ಹಸಿ ರಕ್ತ ಹೋಗುವುದು, ಮೂತ್ರದಲ್ಲಿ ರಕ್ತ, ತಾಯಿಯ ನಾಡಿ ಏರುವುದು ನಾವು ಕಾಯುವ ಉಳಿದ ಲಕ್ಷಣಗಳು. ಆದ್ದರಿಂದ ‘ನೋವು ಚೆನ್ನಾಗಿ ಬರಲಿ, ಆಮೇಲೆ ಹೊರಡೋಣ’ ಎಂಬ ಲೆಕ್ಕ ನಿಮಗೆ ಹೊಂದುವುದಿಲ್ಲ. ನೋವು ಹದವಾಗಿ ಮರುಕಳಿಸತೊಡಗಿದ ಕೂಡಲೇ, ನೀರು ಹೋದ ಕೂಡಲೇ, ರಕ್ತ ಕಂಡ ಕೂಡಲೇ, ಮಗುವಿನ ಮಿಸುಕಾಟ ಕಡಿಮೆಯೆನಿಸಿದ ಕೂಡಲೇ ಆಸ್ಪತ್ರೆಯಲ್ಲಿರಬೇಕು.

ತಾಯಿ ಕಾರ್ಡಿನಲ್ಲಿ ಹಿಂದಿನ ಸಿಸೇರಿಯನ್ ನಮೂದಾಗಿದೆಯೇ ನೋಡಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯಲ್ಲಿ ನಿಮ್ಮಂಥವರನ್ನು ಹೆಚ್ಚಿನ ಅಪಾಯದವರೆಂದು ಗುರುತಿಸಿ ಕಾರ್ಡಿಗೆ ಕೆಂಪು ಚೀಟಿ ಅಂಟಿಸಬೇಕು. ಅಂಟಿಸಿಲ್ಲವಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಯಾವ ಕಾರಣಕ್ಕೋ ಊರಿನಲ್ಲಿರುವಾಗಲೇ ನೋವು ಬಂದರೆ 108ಕ್ಕೆ ಕರೆ ಮಾಡುವಾಗ ಮೊದಲ ವಾಕ್ಯದಲ್ಲಿಯೇ ‘ಹಿಂದೆ ಸಿಸೇರಿಯನ್ ಆಗಿದೆ’ ಎಂದು ಹೇಳಿ, ಆಪರೇಷನ್ ಮಾಡಬಲ್ಲ ಹತ್ತಿರದ ಆಸ್ಪತ್ರೆಗೇ ಹೋಗಿ. ಸಹಜ ಹೆರಿಗೆಯ ಆಸೆಗೆಂದು ಸಾಗರವನ್ನು ದಾಟಿಕೊಂಡು ಶಿವಮೊಗ್ಗಕ್ಕೆ ಓಡುವ ಸಮಯ ಅದಲ್ಲ.

ಹಿಮೋಗ್ಲೋಬಿನ್ 10 ಎಂದಿರಿ. ಯಾವ ದಾರಿಯ ಹೆರಿಗೆಯಾದರೂ ಅದನ್ನು 11ರ ಮೇಲೆ ತಂದುಕೊಳ್ಳಲು ಇನ್ನೂ ಕಾಲವಿದೆ. ಮಾತ್ರೆಯನ್ನು ಕಾಫಿ ಚಹಾದ ಜೊತೆ ನುಂಗುತ್ತಿದ್ದರೆ ಅದು ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ. ಮಾತ್ರೆಯಿಂದ ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ವ್ಯವಸ್ಥೆಯೂ ಇದೆ.

ಉತ್ತರ: ಇಬ್ಬರು ಗಂಡುಮಕ್ಕಳ ತಾಯಿ (ಹಾಸನ)

ನಾನು ಎರಡನೆಯ ಸಲ ಸಿಸೇರಿಯನ್ನನ್ನೇ ಆರಿಸಿಕೊಂಡವಳು. ಅದನ್ನು ಸೋಲೆಂದು ನೋಡುವವರಿಗೆ ಉತ್ತರವಾಗಿಯೂ ಇದನ್ನು ಬರೆಯುತ್ತಿದ್ದೇನೆ. ಮೊದಲ ಸಲ ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೂ ಮಗು ಇಳಿಯದೆ ತುರ್ತು ಸಿಸೇರಿಯನ್ ಆಗಿತ್ತು. ಎರಡನೆಯ ಗರ್ಭದಲ್ಲಿ ಸಕ್ಕರೆ ಕಾಣಿಸಿಕೊಂಡು ಇನ್ಸುಲಿನ್ ಬೇಕಾಯಿತು, ಮಗುವಿನ ತೂಕ ನಾಲ್ಕು ಕಿಲೋ ದಾಟಬಹುದೆಂದು ಸ್ಕ್ಯಾನಿಂಗ್‌ನಲ್ಲಿ ಅಂದಾಜಿಸಿದರು. ವೈದ್ಯೆ ನನ್ನನ್ನು ಒತ್ತಾಯಿಸಲಿಲ್ಲ. ಸಂಭವ ನನ್ನ ಕಡೆಗಿಲ್ಲವೆಂದು ಬಿಡಿಸಿ ಹೇಳಿದರು. 39 ವಾರ ತುಂಬಿದ ಮೇಲೆ ಬೆಳಗಿನ ಹೊತ್ತಿನಲ್ಲಿ, ಎಲ್ಲರೂ ಇದ್ದಾಗ, ಗಡಿಬಿಡಿಯಿಲ್ಲದೆ ಆಯಿತು.

ಆದರೆ ಸಿಸೇರಿಯನ್ ಎಂದರೆ ನೋವಿಲ್ಲದ ಹೆರಿಗೆ ಎನ್ನುವವರ ಮಾತನ್ನು ನಂಬಬೇಡಿ. ಹಿಂದಿನ ಗಾಯದಿಂದ ಮೂತ್ರಕೋಶ ಗರ್ಭಕೋಶಕ್ಕೆ ಅಂಟಿಕೊಂಡಿತ್ತೆಂದು, ಬಿಡಿಸಲು ಹೆಚ್ಚು ಹೊತ್ತು ಹಿಡಿಯಿತೆಂದು ಆಮೇಲೆ ಹೇಳಿದರು. ಬಾಣಂತನದಲ್ಲಿ ದೊಡ್ಡವನು ‘ಎತ್ತಿಕೋ’ ಎಂದು ಸೆರಗು ಹಿಡಿದಾಗ ಎತ್ತಿಕೊಳ್ಳಲಾಗದೆ ಪಟ್ಟ ಪಾಡು ಹೊಲಿಗೆಯ ನೋವಿಗಿಂತ ಹೆಚ್ಚಿನದು. ನಿಮ್ಮ ಮಗಳಿಗೂ ಮೂರೂವರೆ ವರ್ಷ. ಯಾವ ದಾರಿಯಾದರೂ ಅವಳನ್ನು ನೋಡಿಕೊಳ್ಳುವ ಕೈಗಳನ್ನು ಈಗಲೇ ಗೊತ್ತುಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ: ಹಿನ್ನೀರಿನ ಆಚೆಯವಳು

ಎಲ್ಲರಿಗೂ ಕೃತಜ್ಞತೆಗಳು. ಪತಿಯವರು ಹಳೆಯ ಆಸ್ಪತ್ರೆಗೆ ಅರ್ಜಿ ಕೊಟ್ಟು ಆಪರೇಷನ್ ಟಿಪ್ಪಣಿಯ ಪ್ರತಿ ತಂದಿದ್ದಾರೆ. ಕೆಳಭಾಗದ ಅಡ್ಡ ಕೊಯ್ತ, ಸೀಳು ಎಲ್ಲಿಗೂ ಮುಂದುವರಿದಿಲ್ಲ, ಎರಡು ಪದರದಲ್ಲಿ ಹೊಲಿದಿದ್ದಾರೆ ಎಂದು ಅದರಲ್ಲಿದೆ. ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆ ಆಸ್ಪತ್ರೆಗೆ ಹತ್ತು ನಿಮಿಷದ ದಾರಿಯಲ್ಲಿದೆ. 37 ವಾರ ತುಂಬಿದ ಮೇಲೆ ಮಗಳನ್ನೂ ಕರೆದುಕೊಂಡು ಅಲ್ಲಿರುವುದೆಂದು ತೀರ್ಮಾನಿಸಿದ್ದೇವೆ. ರಾತ್ರಿಯೂ ಅರಿವಳಿಕೆ ತಜ್ಞರು ಒಳಗೇ ಇರುತ್ತಾರೆ, ರಕ್ತನಿಧಿ ಅದೇ ಆವರಣದಲ್ಲಿದೆ ಎಂದು ಅಲ್ಲಿನ ವೈದ್ಯೆ ತಿಳಿಸಿದರು. ಏಳು ದಿನಗಳ ವಿಷಯ ತಿಳಿದ ಮೇಲೆ ಅತ್ತೆಯವರ ಅರ್ಧ ಚಿಂತೆ ಕಳೆದಿದೆ. ಆಷಾಢದಲ್ಲಿ ಸೊಸೆ ಬೇರೆ ಊರಿನಲ್ಲಿರುವುದು ಹೇಗೂ ರೂಢಿಯೇ ಅಲ್ಲವೇ ಎಂದು ಅವರೇ ಹೇಳಿದರು.

ಎರಡು ಸಂದೇಹ ಉಳಿದಿವೆ. ದಿನ ದಾಟಿದರೂ ನೋವು ಬಾರದಿದ್ದರೆ ಏನು ಮಾಡಬೇಕು? ಕೊನೆಯ ಸ್ಕ್ಯಾನಿಂಗ್‌ನಲ್ಲಿ ‘ಹೊಲಿಗೆಯ ಜಾಗ ತೆಳುವಾಗಿದೆ’ ಎಂದು ಬಂದರೆ ಪ್ರಯತ್ನವನ್ನು ಕೈಬಿಡಲೇಬೇಕೇ?

ಉತ್ತರ: ಪ್ರಸೂತಿ ವೈದ್ಯೆ (ಹುಬ್ಬಳ್ಳಿ)

ದಿನ ದಾಟಿದ ಮಾತ್ರಕ್ಕೆ ಪ್ರಯತ್ನ ಮುಗಿಯುವುದಿಲ್ಲ. ಮಗುವಿನ ಮಿಸುಕಾಟ, ಸುತ್ತಲಿನ ನೀರು, ಎದೆಬಡಿತ ಸರಿಯಾಗಿದ್ದರೆ 41 ವಾರದವರೆಗೆ ಕಾಯುವುದಕ್ಕೆ ಬಹಳಷ್ಟು ವೈದ್ಯರು ಒಪ್ಪುತ್ತಾರೆ. ಆ ಅವಧಿಯಲ್ಲಿ ಗರ್ಭಕೋಶದ ಬಾಯಿಯನ್ನು ಪರೀಕ್ಷಿಸಿ, ಬೆರಳಿನಿಂದ ಪೊರೆಯನ್ನು ಸಡಿಲಿಸುವ ಸರಳ ವಿಧಾನವನ್ನು ಅನುಸರಿಸಬಹುದು. ಅದರಿಂದಲೂ ನೋವು ಬಾರದಿದ್ದರೆ ಔಷಧಿಯಿಲ್ಲದೆ ಬಾಯಿಯನ್ನು ತೆರೆಸುವ ಫೋಲಿ ಬಲೂನ್ ಒಂದು ದಾರಿ; ಅದರ ನಂತರ ಆಕ್ಸಿಟೋಸಿನ್ನನ್ನು ಎಚ್ಚರದಿಂದ ಕೊಡುವವರಿದ್ದಾರೆ. ಆದರೆ ನೋವು ಬರಿಸಿದಾಗ ಗರ್ಭಕೋಶ ಹರಿಯುವ ಸಂಭವ ತಾನಾಗಿ ಬಂದ ನೋವಿಗಿಂತ ಎರಡು ಮೂರು ಪಟ್ಟು ಹೆಚ್ಚು, ಸಿಸೇರಿಯನ್ನಿನಲ್ಲಿ ಮುಗಿಯುವ ಸಂಭವ ಒಂದೂವರೆ ಪಟ್ಟು ಹೆಚ್ಚು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಹಿಂದೆ ಒಮ್ಮೆಯೂ ಸಹಜ ಹೆರಿಗೆಯಾಗದ, 41 ವಾರಕ್ಕೂ ಬಾಯಿ ಮೆತ್ತಗಾಗದ ತಾಯಿಗೆ ನಾನು ಸಿಸೇರಿಯನ್ನನ್ನೇ ಸೂಚಿಸುತ್ತೇನೆ. ಬೇರೆ ವೈದ್ಯರು ಬೇರೆ ಹೇಳಿದರೆ ಅವರನ್ನು ತಪ್ಪೆನ್ನುವುದಿಲ್ಲ. ಆದ್ದರಿಂದ 41ನೇ ವಾರಕ್ಕೆ ಒಂದು ಸಿಸೇರಿಯನ್ ದಿನವನ್ನು ಈಗಲೇ ಬರೆಸಿಟ್ಟುಕೊಳ್ಳಿ. ನೋವು ಮೊದಲೇ ಬಂದರೆ ಅದು ತಾನಾಗಿ ರದ್ದಾಗುತ್ತದೆ.

ಹೊಲಿಗೆಯ ದಪ್ಪದ ವಿಷಯ. ಗರ್ಭಕೋಶದ ಕೆಳಭಾಗವು ತುಂಬ ತೆಳುವಾಗಿದ್ದವರಲ್ಲಿ ಹರಿಯುವ ಸಂಭವ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಆದರೆ ಇಷ್ಟು ಮಿಲಿಮೀಟರಿಗಿಂತ ಕಡಿಮೆಯಾದರೆ ಬೇಡ, ಹೆಚ್ಚಿದ್ದರೆ ಆಗಬಹುದು ಎಂದು ಎಲ್ಲರೂ ಒಪ್ಪಿದ ಗೆರೆ ಇಲ್ಲ. ಅಳೆಯುವ ವಿಧಾನ, ಅಳೆಯುವವರ ಕೈ, ಮೂತ್ರಕೋಶ ಎಷ್ಟು ತುಂಬಿದೆ ಎಂಬುದರಿಂದಲೂ ಅಂಕಿ ಬದಲಾಗುತ್ತದೆ. ಅಲ್ಲದೆ ಆ ಭಾಗ ತಿಂಗಳು ತುಂಬಿದಾಗ ತೆಳುವಾಗುವುದೇ ಸಹಜ. ವರದಿಯಲ್ಲಿ ಆ ಮಾತು ಬಂದರೆ ಗಾಬರಿಯಾಗದೆ, ಆಪರೇಷನ್ ಟಿಪ್ಪಣಿಯೊಡನೆ ಅದನ್ನು ನಿಮ್ಮ ವೈದ್ಯೆಯ ಮುಂದಿಟ್ಟು ಎರಡನ್ನೂ ಸೇರಿಸಿ ಯೋಚಿಸಲು ಕೇಳಿ. ಬರೇ ಆ ಒಂದು ಸಾಲಿನ ಮೇಲೆ ಯಾರಾದರೂ 37ನೇ ವಾರಕ್ಕೆ ಆಪರೇಷನ್ ಎಂದರೆ, ನೋವಾಗಲಿ ಬೇರೆ ಲಕ್ಷಣವಾಗಲಿ ಇಲ್ಲದಿರುವಾಗ ಅಷ್ಟು ಬೇಗ ಏಕೆಂದು ಕೇಳುವ ಹಕ್ಕು ನಿಮಗಿದೆ.

ಶಿವಮೊಗ್ಗಕ್ಕೆ ಹೊರಡುವ ಮುನ್ನ ಸಾಗರದ ವೈದ್ಯರಿಗೂ ನಿಮ್ಮ ತೀರ್ಮಾನವನ್ನು ತಿಳಿಸಿ, ಟಿಪ್ಪಣಿಯ ಒಂದು ಪ್ರತಿಯನ್ನು ಅವರ ಬಳಿಯೂ ಬಿಟ್ಟುಬನ್ನಿ. 37 ವಾರ ತುಂಬುವ ಮೊದಲೇ ನೋವು ಬಂದರೆ ನಿಮ್ಮನ್ನು ಮೊದಲು ನೋಡಬೇಕಾದವರು ಅವರೇ.